ಎರಡು ಜೊತೆ ತಾಮ್ರದ ತಂತಿ, ಮೂವತ್ತು ಕರೆ: ಕಚೇರಿಗೆ ಪಿಆರ್‌ಐ ಲೈನ್ ಹಾಕಿಸುವವರಿಗೆ

ಒಂದೇ ಲೈನಿನಲ್ಲಿ ಒಮ್ಮೆಗೆ ಮೂವತ್ತು ಕರೆ ಸಾಗಿಸುವ ಡಿಜಿಟಲ್ ಟೆಲಿಫೋನ್ ಲೈನೇ ಪಿಆರ್‌ಐ. ನಮ್ಮ ಕಚೇರಿಗೆ ಅದಕ್ಕಾಗಿ ಅರ್ಜಿ ಕೊಟ್ಟಿದ್ದು ಮುಂಗಾರಿಗೆ ಮುಂಚೆ. ಲೈನು ನೆಟ್ಟಗೆ ಕೆಲಸ ಮಾಡತೊಡಗಿದ್ದು ದಸರಾ ಕಳೆದ ಮೇಲೆ. ಈ ತಡವೆಲ್ಲ ಯಾರದೋ ಸೋಮಾರಿತನದಿಂದ ಆದದ್ದಲ್ಲ. ಬಹುಪಾಲು ಸಮಯ ಹೋದದ್ದು ದೋಷ ಯಾರ ಕಡೆ ಎಂಬ ಜಗ್ಗಾಟದಲ್ಲಿ. ಲೈನ್ ಕೊಡುವವರು ಇಪಿಎಬಿಎಕ್ಸ್ (ಕಚೇರಿಯೊಳಗಿನ ಪುಟ್ಟ ಎಕ್ಸ್‌ಚೇಂಜ್) ಕಡೆ ಬೆರಳು ತೋರಿಸುತ್ತಾರೆ, ಇಪಿಎಬಿಎಕ್ಸ್ ಹಾಕಿದವರು ಲೈನ್ ಕಡೆ. ಡಿಜಿಟಲ್ ಲೈನಿನಲ್ಲಿ ತಂತಿ, ಗಡಿಯಾರ, ಸಂಜ್ಞೆ, ನಂಬರು ಒಂದರ ಮೇಲೊಂದು ಕೂತಿರುತ್ತವೆ. ಕೆಳಗಿನದು ಗಟ್ಟಿಯಾಗದೆ ಮೇಲಿನದಕ್ಕೆ ಕೈಹಾಕಿದರೆ ವಾರಗಟ್ಟಲೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಹಾಗಾಗಿ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಕಚೇರಿ ಸುಮಾರು ಇನ್ನೂರು ಎಕ್ಸ್‌ಟೆನ್ಷನ್‌ಗಳದ್ದು. ಅಲ್ಲಿಯವರೆಗೆ ಹೊರಗಿನ ಕರೆಗಳಿಗೆ ಬಿಡಿಬಿಡಿಯಾದ ಅನಲಾಗ್ ಲೈನುಗಳಿದ್ದವು. ಎಷ್ಟು ಚಾನೆಲ್ ಬೇಕು, ಅಂದರೆ ಒಮ್ಮೆಗೆ ಎಷ್ಟು ಕರೆ ನಡೆಯಬೇಕು ಎಂಬುದು ಮೊದಲ ಪ್ರಶ್ನೆ, ಅದನ್ನು ಅಂದಾಜಿನ ಮೇಲೆ ಬಿಡಬೇಡಿ. ದಿನದ ಅತಿ ಬಿಡುವಿಲ್ಲದ ಗಂಟೆಯಲ್ಲಿ ಎಷ್ಟು ಕರೆ, ಸರಾಸರಿ ಎಷ್ಟು ನಿಮಿಷ ಎಂದು ಇಪಿಎಬಿಎಕ್ಸ್‌ನ ಕರೆ ದಾಖಲೆಯಿಂದ ತೆಗೆಯಿರಿ. 180 ಕರೆ, ತಲಾ 3 ನಿಮಿಷ ಎಂದಾದರೆ 540 ನಿಮಿಷ. ಅದನ್ನು 60ರಿಂದ ಭಾಗಿಸಿದರೆ 9 ಎರ್ಲಾಂಗ್, ಅಂದರೆ ಆ ಗಂಟೆಯಲ್ಲಿ ಸರಾಸರಿ ಒಂಬತ್ತು ಕರೆ ಒಟ್ಟಿಗೆ ನಡೆಯುತ್ತಿರುತ್ತವೆ. ನೂರಕ್ಕೆ ಒಂದು ಕರೆಗೆ ಮಾತ್ರ ಲೈನ್ ಸಿಗದೆ ಹೋಗಬಹುದು ಎಂದು ಒಪ್ಪಿಕೊಂಡರೆ, ಎರ್ಲಾಂಗ್-ಬಿ ಕೋಷ್ಟಕದ ಪ್ರಕಾರ ಇದಕ್ಕೆ 17 ಚಾನೆಲ್ ಸಾಕು. ಅದೇ ಕೋಷ್ಟಕದಲ್ಲಿ 10 ಚಾನೆಲ್ ಹೊರುವುದು 4.46 ಎರ್ಲಾಂಗ್, 30 ಚಾನೆಲ್ ಹೊರುವುದು 20.3. ಚಾನೆಲ್ ಮೂರು ಪಟ್ಟಾದರೆ ಹೊರೆ ನಾಲ್ಕೂವರೆ ಪಟ್ಟು. ಆದ್ದರಿಂದ ಹತ್ತು ಚಾನೆಲ್‌ಗಳ ಮೂರು ಗುಂಪು ಮಾಡಿ ಮೂರು ವಿಭಾಗಗಳಿಗೆ ಹಂಚುವ ಯೋಚನೆ ಬೇಡ. ಮೂವತ್ತನ್ನೂ ಒಂದೇ ಗುಂಪಾಗಿ ಇಡಿ.

ಮೂವತ್ತು ಎಂಬ ಲೆಕ್ಕ ಎಲ್ಲಿಂದ ಬಂತು? ಟೆಲಿಫೋನಿನಲ್ಲಿ ಸಾಗುವ ದನಿ 300ರಿಂದ 3400 ಹರ್ಟ್ಸ್ ಒಳಗಿನದು. ಅದನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ನಲ್ಲಿ ಬರೆದರೆ ಸೆಕೆಂಡಿಗೆ 64 ಕಿಲೋಬಿಟ್. ಇಂಥ 32 ಚಾನೆಲ್‌ಗಳನ್ನು ಸರದಿಯ ಮೇಲೆ ಒಂದೇ ದಾರಿಗೆ ಸೇರಿಸಿದರೆ 2048 ಕಿಲೋಬಿಟ್. ಇದೇ ಇ1, ಪಿಆರ್‌ಐ ಸಾಗುವ ದಾರಿ. ಪ್ರತಿ 125 ಮೈಕ್ರೋಸೆಕೆಂಡಿಗೆ 256 ಬಿಟ್‌ಗಳ ಒಂದು ಫ್ರೇಮ್ ಹೊರಡುತ್ತದೆ. ಅದರಲ್ಲಿ ಪ್ರತಿ ಚಾನೆಲ್‌ಗೆ ಸಿಗುವ 8 ಬಿಟ್‌ನ ಜಾಗವೇ ಟೈಮ್‌ಸ್ಲಾಟ್. ಸೊನ್ನೆಯ ಟೈಮ್‌ಸ್ಲಾಟ್ ಫ್ರೇಮ್ ಎಲ್ಲಿ ಶುರು ಎಂದು ತೋರಿಸಲು, 16ನೆಯದು ಸಂಜ್ಞೆಗೆ, ಅಂದರೆ ಕರೆ ಶುರು ಮಾಡುವ, ಮುಗಿಸುವ ಸಂದೇಶಗಳಿಗೆ; ಇದನ್ನೇ ಡಿ ಚಾನೆಲ್ ಎನ್ನುವುದು. ಉಳಿದ ಮೂವತ್ತು ಮಾತಿಗೆ ಅಥವಾ ಡೇಟಾಕ್ಕೆ. ಅಮೆರಿಕದ ಟಿ1ನಲ್ಲಿ 24 ಚಾನೆಲ್, 1544 ಕಿಲೋಬಿಟ್. ಅಲ್ಲಿಂದ ತರಿಸಿದ ಹಳೆಯ ಇಪಿಎಬಿಎಕ್ಸ್ ಕಾರ್ಡ್ ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳುವ ಮುನ್ನ ಅದು ಇ1ಗೆ ಬದಲಾಗುತ್ತದೆಯೇ ನೋಡಿಕೊಳ್ಳಿ. ದನಿಯನ್ನು ಅಂಕಿಗೆ ಇಳಿಸುವ ಬಗೆಯೂ ಬೇರೆ: ಇಲ್ಲಿ ಎ-ಲಾ, ಅಲ್ಲಿ ಮ್ಯೂ-ಲಾ. ತಪ್ಪು ಆರಿಸಿದರೆ ದನಿ ಕೇಳುತ್ತದೆ, ಆದರೆ ಒಡಕಲಾಗಿ ಕೇಳುತ್ತದೆ.

ಎಕ್ಸ್‌ಚೇಂಜಿನ ಒಳಗೆ ಮಾತು ಅಂಕಿಯಾಗಿ ಸಾಗುವುದು ಹೊಸದಲ್ಲ. ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಲೈನಿನ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ ಮೊದಲು ನಿಂತದ್ದು ನಮ್ಮ ಕಿತ್ತೂರಿನಲ್ಲೇ, 1986ರಲ್ಲಿ. ಅನಲಾಗ್ ಆಗಿ ಉಳಿದದ್ದು ಎಕ್ಸ್‌ಚೇಂಜಿನಿಂದ ಗ್ರಾಹಕರ ಮನೆಯವರೆಗಿನ ತುಂಡು ಮಾತ್ರ. ಪಿಆರ್‌ಐ ಎಂದರೆ ಆ ಕೊನೆಯ ತುಂಡನ್ನೂ ಡಿಜಿಟಲ್ ಮಾಡುವುದು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಸಂಸ್ಥೆಯ ನೋಂದಣಿ ಪತ್ರ, ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ಲೈನ್ ಹಾಕುವ ಜಾಗದ ವಿಳಾಸಕ್ಕೆ ಪುರಾವೆ, ಸಹಿ ಮಾಡುವವರಿಗೆ ಅಧಿಕಾರ ಕೊಟ್ಟ ಪತ್ರ, ಅವರ ಗುರುತಿನ ಚೀಟಿ, ಲೈನಿನ ದುರ್ಬಳಕೆ ಮಾಡುವುದಿಲ್ಲ ಎಂಬ ಮುಚ್ಚಳಿಕೆ. ಜಿಎಸ್‌ಟಿ ಪ್ರಮಾಣಪತ್ರದಲ್ಲಿನ ವಿಳಾಸ ಮತ್ತು ಲೈನ್ ಹಾಕುವ ವಿಳಾಸ ಬೇರೆಯಾಗಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಆ ಜಾಗವನ್ನು ಹೆಚ್ಚುವರಿ ವ್ಯವಹಾರ ಸ್ಥಳವಾಗಿ ಮೊದಲೇ ಸೇರಿಸಿಟ್ಟರೆ ಒಳ್ಳೆಯದು. ಕಟ್ಟಡ ಬಾಡಿಗೆಯದಾದರೆ ಕೇಬಲ್ ಎಳೆಯಲು ಮಾಲೀಕರ ಒಪ್ಪಿಗೆ ಪತ್ರವೂ ಬೇಕು, ಅದನ್ನು ಯಾರೂ ಮೊದಲು ಹೇಳುವುದಿಲ್ಲ.

ಖರ್ಚು ಹೋಲಿಸುವಾಗ ತಿಂಗಳ ಬಾಡಿಗೆಯೊಂದನ್ನೇ ನೋಡಬೇಡಿ. ಠೇವಣಿ, ಅಳವಡಿಕೆ ಶುಲ್ಕ, ಮೋಡೆಮ್ ಬಾಡಿಗೆ, ಇಪಿಎಬಿಎಕ್ಸ್‌ಗೆ ಬೇಕಾದ ಪಿಆರ್‌ಐ ಕಾರ್ಡ್ ಮತ್ತು ಅದರ ಲೈಸೆನ್ಸ್, ಕಟ್ಟಡದೊಳಗಿನ ಕೇಬಲ್, ಯುಪಿಎಸ್, ಇವೆಲ್ಲ ಬೇರೆ ಬೇರೆ ಬಿಲ್ಲುಗಳಲ್ಲಿ ಬರುತ್ತವೆ. ಸೇವಾ ಶುಲ್ಕಗಳ ಮೇಲೆ ಶೇ. 18 ಜಿಎಸ್‌ಟಿ. ನಮ್ಮಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಲೈನಲ್ಲ, ಇಪಿಎಬಿಎಕ್ಸ್‌ನ ಕಾರ್ಡು. ಹಳೆಯ ಮಾದರಿಯಾದ್ದರಿಂದ ಅದಕ್ಕೆ ಕಾದದ್ದೂ ಬಹಳ. ಅರ್ಜಿ ಕೊಡುವ ಮುಂಚೆಯೇ ಕಾರ್ಡ್ ಲಭ್ಯವಿದೆಯೇ ವಿಚಾರಿಸಿ.

ನಂತರ ಬರುವುದು ಫೀಸಿಬಿಲಿಟಿ, ಅಂದರೆ ಆ ಜಾಗಕ್ಕೆ ಲೈನ್ ಕೊಡಲಾಗುತ್ತದೆಯೇ ಎಂಬ ಪರಿಶೀಲನೆ. ಈಗ ಬಹಳಷ್ಟು ಕಡೆ ಪಿಆರ್‌ಐ ಫೈಬರ್ ಮೇಲೆಯೇ ಬರುತ್ತದೆ. ನಮ್ಮ ರಸ್ತೆಗೆ ಫೈಬರ್ ಬಂದಿರಲಿಲ್ಲ, ರಸ್ತೆ ಅಗೆಯುವ ಅನುಮತಿಗೆ ಕಾಯುವ ಬದಲು ಇದ್ದ ತಾಮ್ರದ ಮೇಲೇ ಕೊಡುವುದೆಂದಾಯಿತು. ತಾಮ್ರದ ಮೇಲೆ ಡಿಜಿಟಲ್ ಸಂಕೇತ ಸಾಗಿಸುವ ಎಚ್‌ಡಿಎಸ್‌ಎಲ್ ಮೋಡೆಮ್ 2 ಮೆಗಾಬಿಟ್ಟನ್ನು ಎರಡು ಜೊತೆ ತಂತಿಗೆ ಹಂಚುತ್ತದೆ, ಪ್ರತಿ ಜೊತೆಯ ಮೇಲೆ 1168 ಕಿಲೋಬಿಟ್. ಅದರ ನಂತರದ ಬಗೆ ಜಿ.ಎಸ್‌ಎಚ್‌ಡಿಎಸ್‌ಎಲ್ ಆದರೆ ದೂರ ಕಡಿಮೆಯಿದ್ದಲ್ಲಿ ಒಂದೇ ಜೊತೆಯಲ್ಲೂ ಸಾಧ್ಯ.

ಇಲ್ಲಿ ದೂರ ಎಂದರೆ ಕೇಬಲ್ ಸಾಗುವ ದಾರಿ: ಎಕ್ಸ್‌ಚೇಂಜಿನಲ್ಲಿ ತಂತಿಗಳೆಲ್ಲ ಸೇರುವ ಚೌಕಟ್ಟಾದ ಎಂಡಿಎಫ್‌ನಿಂದ ರಸ್ತೆ ಬದಿಯ ಪೆಟ್ಟಿಗೆಯಾದ ಪಿಲ್ಲರ್, ಪಿಲ್ಲರ್‌ನಿಂದ ಕಟ್ಟಡದ ಹತ್ತಿರದ ಚಿಕ್ಕ ಪೆಟ್ಟಿಗೆಯಾದ ಡಿಪಿ, ಅಲ್ಲಿಂದ ಕಟ್ಟಡ. ನಕ್ಷೆಯಲ್ಲಿ ಅಳೆದ ದೂರವನ್ನು ನಂಬಬೇಡಿ. ಒಂದು ತುದಿಯಲ್ಲಿ ಎರಡು ತಂತಿಯನ್ನೂ ಜೋಡಿಸಿ ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಇಟ್ಟರೆ ಲೂಪ್ ರೋಧ ತಿಳಿಯುತ್ತದೆ. 0.5 ಮಿ.ಮೀ. ತಂತಿಗೆ ಕಿಲೋಮೀಟರಿಗೆ ಸುಮಾರು 170 ಓಮ್, 0.4 ಮಿ.ಮೀ.ಗೆ ಸುಮಾರು 270. ಅಂದರೆ 0.5 ತಂತಿಯಲ್ಲಿ 510 ಓಮ್ ಬಂದರೆ 3 ಕಿಲೋಮೀಟರ್. ಎರಡು ಜೊತೆಗಳ ರೋಧ ಹತ್ತಿರಹತ್ತಿರ ಇರಬೇಕು. ಒಂದರದ್ದು ತೀರ ಹೆಚ್ಚಾಗಿದ್ದರೆ ಎಲ್ಲೋ ಕಿಲುಬು ಹಿಡಿದ ಜಾಯಿಂಟ್ ಇದೆ.

ರೋಧವೊಂದೇ ಸಾಲದು. ತಂತಿ-ತಂತಿ ನಡುವೆ, ತಂತಿ-ಭೂಮಿ ನಡುವೆ ಮೆಗ್ಗರ್ ಎಂಬ ಮೀಟರ್‌ನಿಂದ ಇನ್ಸುಲೇಷನ್ ರೋಧ ಅಳೆಸಿ. ಅಳೆಯುವ ಮುನ್ನ ಎರಡೂ ತುದಿಯ ಮೋಡೆಮ್ ಮತ್ತು ಸಿಡಿಲು ತಡೆಯುವ ಜಿಡಿ ಟ್ಯೂಬ್‌ಗಳನ್ನು ಬಿಡಿಸಿಡಬೇಕು, ಇಲ್ಲವಾದರೆ ಅಳತೆಯೂ ತಪ್ಪು, ಉಪಕರಣಕ್ಕೂ ಹಾನಿ. ಅಳತೆ 1 ಮೆಗಾಓಮ್‌ಗಿಂತ ಕೆಳಗಿಳಿದರೆ ಕೇಬಲ್‌ಗೆ ನೀರು ಸೇರಿದೆ ಎಂದೇ ತಿಳಿಯಿರಿ. ನಮ್ಮ ಎರಡನೇ ಜೊತೆ ಬಿಸಿಲಿದ್ದ ದಿನ ಚೆನ್ನಾಗಿರುತ್ತಿತ್ತು, ಜೋರು ಮಳೆ ಹೊಯ್ದ ಮರುದಿನ ಬೀಳುತ್ತಿತ್ತು. ಕಾರಣ ಪಿಲ್ಲರ್ ಬುಡದ ಒಂದು ಜಾಯಿಂಟ್. ಲೈನ್‌ಮನ್ ಬರುವ ಹೊತ್ತಿಗೆ ಅದು ಒಣಗಿರುತ್ತಿತ್ತು, ಅವರು ‘ಟೆಸ್ಟ್ ಓಕೆ’ ಬರೆದು ಹೋಗುತ್ತಿದ್ದರು. ದೂರು ಕೊಡುವಾಗ ಮಳೆ ಬಂದ ದಿನಾಂಕವನ್ನೂ ಮೋಡೆಮ್‌ನ ದೋಷದ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ಕಳಿಸಿದ ಮೇಲೆ ಜಾಯಿಂಟ್ ಬಿಚ್ಚಿದರು.

ಮಲ್ಟಿಮೀಟರ್‌ಗೆ ಸಿಗದ ಇನ್ನೆರಡು ದೋಷಗಳಿವೆ. ಒಂದು ಸ್ಪ್ಲಿಟ್ ಪೇರ್: ಒಂದು ಜೊತೆಯ ಒಂದು ತಂತಿ, ಪಕ್ಕದ ಜೊತೆಯ ಒಂದು ತಂತಿ ಸೇರಿಸಿ ಕಟ್ಟಿರುವುದು. ರೋಧ ಸರಿಯಾಗಿಯೇ ಬರುತ್ತದೆ, ಸಾಮಾನ್ಯ ಫೋನೂ ನಡೆಯುತ್ತದೆ. ಆದರೆ ಹೊಸೆದ ಜೊತೆ ಒಡೆದುಹೋದ್ದರಿಂದ ಹೆಚ್ಚಿನ ಆವರ್ತನದಲ್ಲಿ ಪಕ್ಕದ ಲೈನುಗಳ ಗದ್ದಲವೆಲ್ಲ ಒಳಗೆ ಬರುತ್ತದೆ. ಇನ್ನೊಂದು, ಹಿಂದೊಮ್ಮೆ ಪ್ಯಾರಲಲ್ ಕೊಟ್ಟು ಹಾಗೇ ಬಿಟ್ಟ ಹಳೆಯ ತುದಿ. ಸಂಕೇತ ಅಲ್ಲಿಗೂ ಹೋಗಿ ತಿರುಗಿ ಬಂದು ಅಸಲಿನೊಂದಿಗೆ ಕಲಸಿಕೊಳ್ಳುತ್ತದೆ. ಎಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ವೇಗ ಕುಸಿಯುವುದಕ್ಕೂ ಇದೇ ಕಾರಣ ಎಷ್ಟೋ ಸಲ.

ಮೋಡೆಮ್ ಕೂತ ಮೇಲೂ ತಂತಿಯ ಗಂಡಾಂತರ ಮುಗಿಯುವುದಿಲ್ಲ. ಈ ಜೊತೆಗಳಲ್ಲಿ ಡಯಲ್ ಟೋನ್ ಇರುವುದಿಲ್ಲ. ಬೇರೆ ಮನೆಗೆ ಖಾಲಿ ಜೊತೆ ಹುಡುಕುವ ಲೈನ್‌ಮನ್ ಟೆಸ್ಟ್ ಫೋನ್ ಹಚ್ಚಿ, ಟೋನ್ ಇಲ್ಲವೆಂದು ನಿಮ್ಮ ಜಂಪರ್ (ಜೋಡಿಸುವ ತುಂಡು ತಂತಿ) ಕಿತ್ತು ತನ್ನದನ್ನು ಹಾಕುತ್ತಾನೆ. ಪಿಲ್ಲರ್‌ನಲ್ಲೂ ಡಿಪಿಯಲ್ಲೂ ಆ ಜೊತೆಗಳಿಗೆ ಬಣ್ಣದ ಕ್ಯಾಪ್ ಮತ್ತು ಚೀಟಿ ಹಾಕಿಸಿ. ತಂತಿ ಕೂರಿಸುವ ಕ್ರೋನ್ ಮಾಡ್ಯೂಲಿನ ಸಂಖ್ಯೆ, ಜೊತೆಯ ಸಂಖ್ಯೆ, ತಂತಿಯ ಬಣ್ಣ ಮೂರನ್ನೂ ಬರೆದಿಟ್ಟುಕೊಳ್ಳಿ.

ಮೋಡೆಮ್‌ನಿಂದ ಇಪಿಎಬಿಎಕ್ಸ್‌ಗೆ ಇ1 ಕೇಬಲ್ ಎರಡು ಬಗೆ: 75 ಓಮ್‌ನ ಕೋಆಕ್ಸಿಯಲ್ ಜೋಡಿ, ಇಲ್ಲವೇ 120 ಓಮ್‌ನ ಆರ್‌ಜೆ45. ಒಂದು ಕಡೆ ಒಂದು, ಇನ್ನೊಂದು ಕಡೆ ಮತ್ತೊಂದು ಇದ್ದರೆ ನಡುವೆ ಎರಡನ್ನೂ ಹೊಂದಿಸುವ ಬಾಲನ್ ಎಂಬ ಚಿಕ್ಕ ಸಾಧನ ಬೇಕು. ಆರ್‌ಜೆ45 ನೋಡಿ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವುದು ಸಾಮಾನ್ಯ. ಇ1ನಲ್ಲಿ ಬಳಕೆಯಾಗುವುದು 1-2 ಮತ್ತು 4-5 ಪಿನ್‌ಗಳು. ನೇರ ಪ್ಯಾಚ್ ಕಾರ್ಡ್ ಕೆಲವು ಕಡೆ ನಡೆಯುತ್ತದೆ, ಎರಡೂ ಬದಿ ಒಂದೇ ಬಗೆಯ ಪೋರ್ಟ್ ಆದರೆ 1ನ್ನು 4ಕ್ಕೆ, 2ನ್ನು 5ಕ್ಕೆ ತಿರುವಬೇಕು. ಕಂಪ್ಯೂಟರ್ ಅಂಗಡಿಯ ಕ್ರಾಸ್ ಕೇಬಲ್ ಇಲ್ಲಿ ಉಪಯೋಗವಿಲ್ಲ, ಅದು ತಿರುವುವುದು 1ನ್ನು 3ಕ್ಕೆ, 2ನ್ನು 6ಕ್ಕೆ.

ಮೋಡೆಮ್ ಮತ್ತು ಪಿಆರ್‌ಐ ಕಾರ್ಡಿನ ದೀಪಗಳನ್ನು ಓದಲು ಕಲಿತರೆ ಅರ್ಧ ಜಗಳ ತಪ್ಪುತ್ತದೆ. ಎಲ್‌ಒಎಸ್ ಉರಿದರೆ ಸಂಕೇತವೇ ಬರುತ್ತಿಲ್ಲ: ಕೇಬಲ್ ಅಥವಾ ಪಿನ್. ಎಲ್‌ಒಎಫ್ ಎಂದರೆ ಬಿಟ್‌ಗಳು ಬರುತ್ತಿವೆ, ಫ್ರೇಮಿನ ತಲೆ ಸಿಗುತ್ತಿಲ್ಲ. ಎಐಎಸ್ ಎಂದರೆ ನಡುವಿನ ಉಪಕರಣ ಜೀವಂತ, ಅದರ ಆಚೆ ಕಡಿದಿದೆ. ಆರ್‌ಎಐ ಎಂದರೆ ನೀವು ಕಳಿಸಿದ್ದು ಎದುರಿನವರಿಗೆ ಸಿಗುತ್ತಿಲ್ಲ. ಎಐಎಸ್ ಕಂಡರೆ ಇಪಿಎಬಿಎಕ್ಸ್‌ನವರನ್ನು ಕರೆಸುವ ಅಗತ್ಯವೇ ಇಲ್ಲ, ದೋಷ ಲೈನ್ ಕಡೆಯದೇ. ಹಸ್ತಾಂತರಕ್ಕೆ ಮುನ್ನ ಮೋಡೆಮ್‌ನಲ್ಲಿ ಲೂಪ್ ಹಾಕಿ (ಕಳಿಸಿದ್ದು ಅಲ್ಲಿಂದಲೇ ತಿರುಗಿ ಬರುವಂತೆ ಮಾಡಿ) ಬಿಟ್ ದೋಷದ ಪರೀಕ್ಷೆಯನ್ನು ಇಪ್ಪತ್ನಾಲ್ಕು ಗಂಟೆ ನಡೆಸಿ, ವರದಿ ಕೇಳಿ ಪಡೆಯಿರಿ. ಐದು ನಿಮಿಷ ಓಡಿಸಿ ಸೊನ್ನೆ ದೋಷ ಎಂದು ತೋರಿಸಿದರೆ ಒಪ್ಪಬೇಡಿ.

ಇನ್ನು ಗಡಿಯಾರ, ಅಂದರೆ ಬಿಟ್‌ಗಳು ಯಾವ ವೇಗದಲ್ಲಿ ಹೊರಡಬೇಕೆಂದು ಹೇಳುವ ತಾಳ. ನಮ್ಮಲ್ಲಿ ಕರೆಗಳು ಶುರುವಾದ ಮೇಲೂ ಆಗಾಗ ‘ಟಿಕ್’ ಎಂಬ ಸದ್ದು, ಫ್ಯಾಕ್ಸ್ ಅರ್ಧ ಪುಟಕ್ಕೆ ನಿಲ್ಲುವುದು. ಎರಡೂ ಕಡೆಯವರು ತಮ್ಮದು ಸರಿಯಿದೆ ಎಂದರು, ದೀಪಗಳೆಲ್ಲ ಹಸಿರು. ಇಪಿಎಬಿಎಕ್ಸ್ ತನ್ನದೇ ಗಡಿಯಾರದ ಮೇಲೆ ನಡೆಯುವಂತೆ ಹೊಂದಿಸಲಾಗಿತ್ತು. ಇ1 ಗಡಿಯಾರಕ್ಕೆ ಒಪ್ಪಿಗೆಯಿರುವ ವ್ಯತ್ಯಾಸ ದಶಲಕ್ಷಕ್ಕೆ 50. ಅಷ್ಟು ವ್ಯತ್ಯಾಸವಿದ್ದರೆ ಪ್ರತಿ ಎರಡೂವರೆ ಸೆಕೆಂಡಿಗೆ 125 ಮೈಕ್ರೋಸೆಕೆಂಡ್ ಜಾರುತ್ತದೆ, ಅಂದರೆ ಒಂದು ಇಡೀ ಫ್ರೇಮ್ ಕಳೆದುಹೋಗುತ್ತದೆ ಅಥವಾ ಎರಡು ಸಲ ಬರುತ್ತದೆ. ಮಾತಿನಲ್ಲಿ ಅದು ಒಂದು ಟಿಕ್. ಫ್ಯಾಕ್ಸ್‌ಗೂ ಡಯಲ್‌ಅಪ್ ಮೋಡೆಮ್‌ಗೂ ಅಷ್ಟು ಸಾಕು ಕರೆ ಬೀಳಲು. ಗಡಿಯಾರ ಸದಾ ನೆಟ್‌ವರ್ಕ್‌ನಿಂದಲೇ ಬರಬೇಕು, ಇಪಿಎಬಿಎಕ್ಸ್ ಅದನ್ನು ಅನುಸರಿಸಬೇಕು. ಸ್ಲಿಪ್, ಅಂದರೆ ಹೀಗೆ ಜಾರಿದ್ದರ ಎಣಿಕೆ ತೋರಿಸುವ ಪರದೆ ಬಹಳಷ್ಟು ಇಪಿಎಬಿಎಕ್ಸ್‌ಗಳಲ್ಲಿ ಇರುತ್ತದೆ. ಅದನ್ನು ಸೊನ್ನೆ ಮಾಡಿ ಒಂದು ದಿನ ಬಿಟ್ಟು ನೋಡಿ, ಅಂಕಿ ಏರಿದ್ದರೆ ಉಳಿದದ್ದನ್ನೆಲ್ಲ ಬದಿಗಿಟ್ಟು ಇದನ್ನೇ ಸರಿಮಾಡಿಸಿ.

ಸಂಜ್ಞೆಯ ಹಂತದಲ್ಲಿ ಹೊಂದಿಸಬೇಕಾದ್ದು ಕಡಿಮೆ. ಆದರೆ ಪ್ರತಿಯೊಂದೂ ಎರಡೂ ಕಡೆ ಒಂದೇ ಆಗಿರಬೇಕು: ಲೈನ್ ಕೋಡ್ (ಬಿಟ್‌ಗಳನ್ನು ತಂತಿಗೆ ಇಳಿಸುವ ಬಗೆ) ಎಚ್‌ಡಿಬಿ3, ದೋಷ ಹಿಡಿಯುವ ಸಿಆರ್‌ಸಿ-4 ಇದೆಯೋ ಇಲ್ಲವೋ, ಸಂಜ್ಞೆಯ ಭಾಷೆಯಾದ ಯುರೋ-ಐಎಸ್‌ಡಿಎನ್ ಪ್ರೊಟೊಕಾಲ್. ನೆಟ್‌ವರ್ಕ್ ಮತ್ತು ಯೂಸರ್ ಎಂಬ ಎರಡು ಪಾತ್ರಗಳಲ್ಲಿ ಮಾತ್ರ ಎರಡೂ ಕಡೆ ಬೇರೆಯಾಗಿರಬೇಕು, ನಿಮ್ಮದು ಯೂಸರ್. ಸಿಆರ್‌ಸಿ-4 ಒಂದು ಕಡೆ ಮಾತ್ರ ಇದ್ದರೆ ಲೈನ್ ಬಂದಂತೆ ಕಂಡು ಮತ್ತೆ ಮತ್ತೆ ಬೀಳುತ್ತದೆ. ಇ1 ಹಸಿರಾಗಿದ್ದರೂ ಡಿ ಚಾನೆಲ್ ಏಳದಿದ್ದರೆ ಮೊದಲು ನೋಡಬೇಕಾದ್ದು ಈ ಪಾತ್ರಗಳನ್ನು, ಆಮೇಲೆ 16ನೆಯ ಸ್ಲಾಟ್‌ನ್ನು.

ಒಂದು ದೋಷ ಬಹಳ ದಿನ ಅಡಗಿ ಕೂರಬಲ್ಲದು. 16ನೆಯ ಸ್ಲಾಟ್ ಸಂಜ್ಞೆಗೆ ಹೋದ್ದರಿಂದ ಮಾತಿನ ಚಾನೆಲ್‌ಗಳು 1ರಿಂದ 15 ಮತ್ತು 17ರಿಂದ 31. ಕೆಲವು ಇಪಿಎಬಿಎಕ್ಸ್‌ಗಳಲ್ಲಿ ಇವನ್ನು 1ರಿಂದ 30 ಎಂದು ಎಣಿಸುವ ಆಯ್ಕೆಯೂ ಇರುತ್ತದೆ. ಎರಡು ಕಡೆಯ ಎಣಿಕೆ ಬೇರೆಯಾದರೆ ಮೊದಲ ಹದಿನೈದು ಕರೆ ಸುಸೂತ್ರ; ಹದಿನಾರನೆಯದರಿಂದ ದನಿ ಇಲ್ಲ, ಅಥವಾ ಕರೆಯೇ ಆಗುವುದಿಲ್ಲ. ಪರೀಕ್ಷೆಗೆಂದು ನಾಲ್ಕು ಕರೆ ಮಾಡಿ ಸಹಿ ಹಾಕಿದರೆ ಇದು ಗೊತ್ತಾಗುವುದು ಕೆಲಸದ ಒತ್ತಡದ ದಿನವೇ. ಮೂವತ್ತೂ ಚಾನೆಲ್ ತುಂಬುವಂತೆ ಒಮ್ಮೆಗೇ ಕರೆ ಮಾಡಿಸಿ ನೋಡಿದ ಮೇಲೆಯೇ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ. ಒಳಬರುವ ಕರೆಗೆ ಎಕ್ಸ್‌ಚೇಂಜ್ 1ರಿಂದ ಮೇಲಕ್ಕೆ ಹುಡುಕುತ್ತದೆಯಾದರೆ ನಿಮ್ಮ ಇಪಿಎಬಿಎಕ್ಸ್ 31ರಿಂದ ಕೆಳಕ್ಕೆ ಹುಡುಕಲಿ. ಆಗ ಇಬ್ಬರೂ ಒಂದೇ ಚಾನೆಲ್‌ಗೆ ಒಟ್ಟಿಗೆ ಕೈಹಾಕುವುದು ತಪ್ಪುತ್ತದೆ.

ಮಾತು, ಡೇಟಾ ಎರಡೂ 64 ಕಿಲೋಬಿಟ್‌ನಲ್ಲೇ ಹೋಗುವಾಗ ನೆಟ್‌ವರ್ಕ್‌ಗೆ ವ್ಯತ್ಯಾಸ ತಿಳಿಯುವುದು ಹೇಗೆ? ಕರೆ ಶುರುವಾಗುವಾಗ ಡಿ ಚಾನೆಲ್‌ನಲ್ಲಿ ಹೋಗುವ ಸೆಟಪ್ ಸಂದೇಶದಲ್ಲೇ ಇದು ಮಾತು, 3.1 ಕಿಲೋಹರ್ಟ್ಸ್ ಆಡಿಯೋ, ಅಥವಾ ಯಾರೂ ಮುಟ್ಟಬಾರದ 64 ಕಿಲೋಬಿಟ್ ಡೇಟಾ ಎಂದು ಬರೆದಿರುತ್ತದೆ. ಮಾತು ಎಂದು ಹೇಳಿದ ಕರೆಯನ್ನು ನೆಟ್‌ವರ್ಕ್ ದಾರಿಯಲ್ಲಿ ಕುಗ್ಗಿಸಬಹುದು. ಫ್ಯಾಕ್ಸ್ ಎಕ್ಸ್‌ಟೆನ್ಷನ್‌ಗಳನ್ನು ಇಪಿಎಬಿಎಕ್ಸ್‌ನಲ್ಲಿ 3.1 ಕಿಲೋಹರ್ಟ್ಸ್ ಆಡಿಯೋ ಎಂದೇ ಗುರುತಿಸಿ. ಹಳೆಯ ವಿಡಿಯೋ ಕಾನ್ಫರೆನ್ಸ್ ಉಪಕರಣಗಳು ಇಂಥ ಆರು ಡೇಟಾ ಚಾನೆಲ್ ಜೋಡಿಸಿ 384 ಕಿಲೋಬಿಟ್ ಪಡೆಯುತ್ತಿದ್ದವು. ಈಗ ಅಂಥ ಕರೆ ಮಾಡಿದರೆ 57, 58 ಅಥವಾ 65ನೆಯ ಕಾರಣ ಸಂಖ್ಯೆಯೊಂದಿಗೆ (ಕರೆ ಯಾಕೆ ಮುಗಿಯಿತೆಂದು ಹೇಳುವ ಅಂಕಿ) ತಿರಸ್ಕೃತವಾಗುವ ಸಂಭವವೇ ಹೆಚ್ಚು.

ಈ ಕಾರಣ ಸಂಖ್ಯೆಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. 16 ಎಂದರೆ ಮಾಮೂಲಾಗಿ ಮುಗಿದ ಕರೆ, 17 ಎಂಗೇಜ್, 1 ಇಲ್ಲದ ನಂಬರು, 28 ನಂಬರಿನ ರೂಪ ತಪ್ಪು, 34 ಚಾನೆಲ್ ಖಾಲಿಯಿಲ್ಲ, 41 ತಾತ್ಕಾಲಿಕ ವೈಫಲ್ಯ. ‘ಕರೆ ಹೋಗುತ್ತಿಲ್ಲ’ ಎಂಬ ದೂರಿಗಿಂತ ‘ಇಂಥ ಹೊತ್ತಿಗೆ 34 ಬಂದಿದೆ, ನಮ್ಮಲ್ಲಿ ಆಗ ಹನ್ನೊಂದು ಚಾನೆಲ್ ಖಾಲಿ ಇದ್ದವು’ ಎಂಬ ದೂರಿಗೆ ಉತ್ತರ ಬೇಗ ಬರುತ್ತದೆ.

ನಂಬರಿನ ಹಂತದಲ್ಲಿ 28 ಕಾಡಿತು. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ ಕರೆ ಮಾಡಲು ಮೊದಲಿಗೆ 0 ಒತ್ತಬೇಕು. ಹೊರಗಿನ ಲೈನ್ ಹಿಡಿಯಲೂ 0 ಒತ್ತುವ ಇಪಿಎಬಿಎಕ್ಸ್‌ಗಳಲ್ಲಿ ಆ ಮೊದಲ 0 ಅಲ್ಲೇ ಉದುರಿಹೋಗುತ್ತದೆ. ಜನ ಎರಡು ಸಲ ಒತ್ತಬೇಕು, ಅಥವಾ ಇಪಿಎಬಿಎಕ್ಸ್ ತಾನೇ ಸೇರಿಸುವಂತೆ ನಿಯಮ ಬರೆಯಬೇಕು. ಒಳಬರುವ ಡಿಐಡಿ ಕರೆಗಳಲ್ಲಿ (ಹೊರಗಿನಿಂದ ನೇರವಾಗಿ ಎಕ್ಸ್‌ಟೆನ್ಷನ್‌ಗೆ ಬರುವವು) ಎಕ್ಸ್‌ಚೇಂಜ್ ಪೂರ್ತಿ ನಂಬರು ಕಳಿಸುತ್ತದೋ ಕೊನೆಯ ಕೆಲವೇ ಅಂಕಿಗಳೋ ಎಂಬುದನ್ನು ಬರಹದಲ್ಲಿ ಕೇಳಿ. ಹೊರಹೋಗುವ ಕರೆಯಲ್ಲಿ ನಿಮಗೆ ಕೊಟ್ಟ ನಂಬರುಗಳ ಹೊರಗಿನದನ್ನು ಕಳಿಸಿದರೆ ನೆಟ್‌ವರ್ಕ್ ಅದನ್ನು ಮುಖ್ಯ ನಂಬರಿಗೆ ಬದಲಿಸುತ್ತದೆ, ಇಲ್ಲವೇ ಕರೆಯನ್ನೇ ತಳ್ಳಿಹಾಕುತ್ತದೆ.

ಈ ಕಾಲದಲ್ಲಿ ಪಿಆರ್‌ಐ ಯಾಕೆ, ಇಂಟರ್ನೆಟ್ ಬಗೆಯ ಲೈನಿನ ಮೇಲೆ ಕರೆ ಸಾಗಿಸುವ ಸಿಪ್ ಟ್ರಂಕ್ ಸಾಲದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಸಿಪ್‌ನಲ್ಲಿ ಅದೇ 64 ಕಿಲೋಬಿಟ್‌ನ (ಜಿ.711) ದನಿಯನ್ನು 20 ಮಿಲಿಸೆಕೆಂಡಿನ ತುಂಡು ಮಾಡಿದರೆ ಪ್ರತಿ ತುಂಡು 160 ಬೈಟ್, ಅದಕ್ಕೆ 40 ಬೈಟ್ ವಿಳಾಸದ ಹೊರೆ. ಸೆಕೆಂಡಿಗೆ 50 ತುಂಡು, ಹೀಗೆ ಒಂದು ಕರೆಗೆ 80 ಕಿಲೋಬಿಟ್. ಮೂವತ್ತಕ್ಕೆ ಪ್ರತಿ ದಿಕ್ಕಿನಲ್ಲಿ 2.4 ಮೆಗಾಬಿಟ್, ಫೈಬರ್ ಇದ್ದವರಿಗೆ ಅದೇನೂ ದೊಡ್ಡದಲ್ಲ. ಫೈಬರ್ ಇದ್ದು, ಇಪಿಎಬಿಎಕ್ಸ್ ಹೊಸದಾಗಿದ್ದರೆ ಸಿಪ್ ತೆಗೆದುಕೊಳ್ಳಿ; ರೂಟರ್‌ನಲ್ಲಿ ಸಿಪ್ ಸಂದೇಶಗಳ ವಿಳಾಸ ತಿದ್ದುವ ಸಿಪ್ ಎಎಲ್‌ಜಿ ಎಂಬ ಆಯ್ಕೆಯನ್ನು ಮಾತ್ರ ಮುಚ್ಚಿಡಿ, ಒಂದೇ ಕಡೆ ದನಿ ಕೇಳುವ ತೊಂದರೆ ಹುಟ್ಟುವುದು ಬಹುಪಾಲು ಅಲ್ಲಿಂದಲೇ. ತಾಮ್ರವೊಂದೇ ಇರುವ ಜಾಗದಲ್ಲಿ ಪಿಆರ್‌ಐಯ ಲಾಭವೆಂದರೆ ಪ್ರತಿ ಕರೆಗೂ ಅದರದೇ ಟೈಮ್‌ಸ್ಲಾಟ್ ಮೀಸಲು. ಕಚೇರಿಯಲ್ಲಿ ಯಾರೋ ದೊಡ್ಡ ಕಡತ ಇಳಿಸಿಕೊಂಡರೆಂದು ಮಾತು ತುಂಡಾಗುವುದಿಲ್ಲ.

ಹಳೆಯ ಅನಲಾಗ್ ಲೈನುಗಳನ್ನು ಅವಸರದಲ್ಲಿ ಸರೆಂಡರ್ ಮಾಡಬೇಡಿ. ಅವುಗಳಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತದೆ, ನಿಮ್ಮ ಕರೆಂಟ್ ಹೋದರೂ ನಡೆಯುತ್ತವೆ. ಪಿಆರ್‌ಐ ಮೋಡೆಮ್‌ಗೆ, ಇಪಿಎಬಿಎಕ್ಸ್‌ಗೆ ನಿಮ್ಮದೇ ಯುಪಿಎಸ್ ಬೇಕು. ಲಿಫ್ಟಿನ ಫೋನ್, ಬೆಂಕಿ ಎಚ್ಚರಿಕೆಯ ಪೆಟ್ಟಿಗೆ, ಕಾವಲುಗಾರರ ಕೋಣೆ ಇವಕ್ಕೆ ಎರಡು ಲೈನ್ ಉಳಿಸಿಕೊಂಡು, ಪಿಆರ್‌ಐಯ ಮೊದಲ ಪೂರ್ತಿ ಬಿಲ್ ಬಂದು ತಾಳೆ ನೋಡಿದ ಮೇಲೆ ಮಿಕ್ಕವನ್ನು ಬಿಡಿ. ಸರೆಂಡರ್ ಅರ್ಜಿಗೆ ಕೊನೆಯ ಬಿಲ್ ಕಟ್ಟಿದ ರಸೀದಿ, ಠೇವಣಿ ಕಟ್ಟಿದ ಮೂಲ ಡಿಮ್ಯಾಂಡ್ ನೋಟು, ಹಣ ವಾಪಸ್ ಬರಬೇಕಾದ ಖಾತೆಯ ರದ್ದು ಮಾಡಿದ ಚೆಕ್ ಲಗತ್ತಿಸಿ. ಡಿಮ್ಯಾಂಡ್ ನೋಟು ಕಳೆದುಹೋಗಿದ್ದರೆ ಹಳೆಯ ಲೆಡ್ಜರಿನ ಪುಟದ ಪ್ರತಿಯನ್ನಾದರೂ ಇಡಿ, ಮತ್ತು ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ.